ಹಳೇ ಲ್ಯಾಪ್‌ಟಾಪ್‌ನ ಫ್ಲಾಪಿ, ಡಿವಿಡಿ ಡ್ರೈವ್: ಇಟ್ಟುಕೊಳ್ಳೋದಾ, ಕಿತ್ತು ಹಾಕೋದಾ?

ಹತ್ತು ಹನ್ನೆರಡು ವರ್ಷದ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡ್ರೈವ್) ಹಾಕಿಸಲು ಹೋದರೆ ರಿಪೇರಿ ಅಂಗಡಿಯ ಹುಡುಗ ಕೇಳುವ ಮೊದಲ ಮಾತು, "ಸರ್, ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಕೂರಿಸಿಬಿಡ್ಲಾ? ಹೆಂಗೂ ಯಾರೂ ಯೂಸ್ ಮಾಡಲ್ಲ." ಕ್ಯಾಡಿ ಎಂದರೆ ಡಿವಿಡಿ ಡ್ರೈವ್‌ನ ಜಾಗದಲ್ಲಿ ಹಾರ್ಡ್‌ಡಿಸ್ಕ್ ಕೂರಿಸುವ ಚೌಕಟ್ಟು. ಹೂಂ ಎನ್ನುವವರೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ. ತೆಗೆದ ಡ್ರೈವನ್ನು ಅಂಗಡಿಯ ಟೇಬಲ್ ಮೇಲೆಯೇ ಬಿಟ್ಟು ಬರುತ್ತಾರಲ್ಲ, ನನ್ನ ತಕರಾರು ಅದಕ್ಕೆ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಈಗ ಆಯ್ಕೆಯೇ ಇಲ್ಲವೆನ್ನಬೇಕು. 1998ರ ಐಮ್ಯಾಕ್‌ನಲ್ಲಿ ಆಪಲ್ ಫ್ಲಾಪಿಯನ್ನು ಕೈಬಿಟ್ಟಿತು. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಸಿ.ಡಿ. ಹಾಕಲು ಜಾಗವೇ ಇರಲಿಲ್ಲ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲೂ ಅದೇ ಕಥೆ. ಉಳಿದ ಕಂಪನಿಗಳು ಹಿಂದೆ ಮುಂದೆ ನೋಡುತ್ತಲೇ ಅದೇ ದಾರಿ ಹಿಡಿದವು. ಹಾಗಾಗಿ ಇವತ್ತು ಈ ಪ್ರಶ್ನೆ ಕೇಳುವವರು ಮೂರು ಥರದವರು: ಡ್ರೈವ್ ಇರುವ ಹಳೇ ಲ್ಯಾಪ್‌ಟಾಪ್ ಇನ್ನೂ ಓಡಿಸುತ್ತಿರುವವರು, ಸೆಕೆಂಡ್‌ಹ್ಯಾಂಡ್ ಕೊಳ್ಳಲು ಹೊರಟವರು, ಮತ್ತು ಹೊಸ ತೆಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಒಂದು ಡಬ್ಬಿ ತುಂಬಾ ಡಿಸ್ಕ್‌ಗಳನ್ನು ಏನು ಮಾಡುವುದೆಂದು ತಿಳಿಯದೆ ಕೂತವರು.

ಮೂವರಿಗೂ ನಾನು ಹೇಳುವುದು ಒಂದೇ. ಲ್ಯಾಪ್‌ಟಾಪ್ ನೋಡಿ ತೀರ್ಮಾನ ಮಾಡಬೇಡಿ, ಬೀರು ನೋಡಿ ಮಾಡಿ. ಈ ಡ್ರೈವ್‌ಗಳಿಗೆ ಈಗ ಉಳಿದಿರುವ ಕೆಲಸ ಓದುವುದು, ಅದೂ ಪ್ರತಿ ಡಿಸ್ಕನ್ನು ಒಂದೇ ಒಂದು ಸಲ. ಓದಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡ ಮೇಲೆ ಡ್ರೈವ್‌ನ ಋಣ ತೀರಿತು. ಬೀರುವಿನಲ್ಲಿ ಏನೂ ಇಲ್ಲವೆಂದರೆ ಲ್ಯಾಪ್‌ಟಾಪ್ ಒಳಗಿನ ಡ್ರೈವ್ ಬರೀ ಭಾರ. ಏನಾದರೂ ಇದ್ದರೆ ಮಾತ್ರ ಅದು ಈ ತಿಂಗಳೇ ಮಾಡಬೇಕಾದ ಕೆಲಸ. ಡ್ರೈವ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ನಿಮ್ಮ ಮನೆಯ ಡಿಸ್ಕ್ ಕೆಟ್ಟರೆ ಸಿಗುವುದಿಲ್ಲ.

ಬೀರುವಿನಲ್ಲಿ ಏನಿದೆ?

ಮನೆಗಳಲ್ಲಿ ಸಿಗುವ ಸಿ.ಡಿ., ಡಿವಿಡಿಗಳಲ್ಲಿ ಎರಡು ಜಾತಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದವು ಒಂದು: ಸಿನಿಮಾ ವಿ.ಸಿ.ಡಿ., ಯಕ್ಷಗಾನ, ಭಾವಗೀತೆ, ಕಂಪ್ಯೂಟರ್ ಪತ್ರಿಕೆಗಳ ಜತೆ ಬರುತ್ತಿದ್ದ ಡಿಸ್ಕ್‌ಗಳು. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ಸಿನಿಮಾ ವಿ.ಸಿ.ಡಿ. ಮಾರಿದ ಕಾಲ ಕೆಲವರಿಗಾದರೂ ನೆನಪಿರಬೇಕು. ಫ್ಲಾಪಿ ತಯಾರಿಕೆಯಿಂದ ಬೆಳೆದು ಖಾಲಿ ಸಿ.ಡಿ.ಗಳಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲೊಂದಾದ ಆ ಕಂಪನಿಯೇ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಗಿದುಹೋಯಿತು. ಅಚ್ಚೊತ್ತಿದ ಡಿಸ್ಕಿನಲ್ಲಿ ಮಾಹಿತಿ ಇರುವುದು ಪ್ಲಾಸ್ಟಿಕ್ಕಿನ ಮೇಲೆ ಒತ್ತಿದ ಸಣ್ಣ ಕುಳಿಗಳಲ್ಲಿ. ಚೆನ್ನಾಗಿ ಇಟ್ಟರೆ ದಶಕಗಟ್ಟಲೆ ಬಾಳುತ್ತದೆ. ಇವುಗಳ ವಿಷಯದಲ್ಲಿ ಅವಸರವಿಲ್ಲ.

ಎರಡನೆಯವು ಸ್ಟುಡಿಯೋದವರೋ ನಾವೋ ರೈಟ್ ಮಾಡಿದವು. ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ, ಮೊದಲ ಡಿಜಿಟಲ್ ಕ್ಯಾಮೆರಾದ ಫೋಟೋಗಳು, ಎಂ.ಟೆಕ್. ಪ್ರಾಜೆಕ್ಟ್ ರಿಪೋರ್ಟು. ಇವುಗಳಲ್ಲಿ ಕುಳಿಗಳಿಲ್ಲ, ಒಂದು ಬಣ್ಣದ ಪದರವಿದೆ. ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಶಾಖ, ತೇವಕ್ಕೆ ಆ ಬಣ್ಣ ಮಾಸುತ್ತಾ ಹೋಗುತ್ತದೆ. ಪತ್ತೆ ಹಚ್ಚುವುದು ಸುಲಭ: ತಿರುಗಿಸಿ ಬೆಳಕಿಗೆ ಹಿಡಿಯಿರಿ. ಅಪ್ಪಟ ಬೆಳ್ಳಿ ಬಣ್ಣವಿದ್ದರೆ ಅಚ್ಚಿನದು. ತಿಳಿಹಸಿರು, ನೀಲಿ, ನೇರಳೆ ಛಾಯೆ ಇದ್ದು, ಒಳಗಿನಿಂದ ಒಂದಷ್ಟು ದೂರಕ್ಕೆ ಬಣ್ಣ ಬದಲಾದ ಉಂಗುರ ಕಂಡರೆ ರೈಟ್ ಮಾಡಿದ್ದು. ಅವಸರ ಇವುಗಳದ್ದು.

ಜತೆಗೆ ಒಂದು ಜಾತಿಯನ್ನು ಜನ ಮರೆತೇ ಬಿಡುತ್ತಾರೆ. ಎಂಆರ್‌ಐ, ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಫಿಲ್ಮಿನ ಜತೆ ಒಂದು ಸಿ.ಡಿ. ಕೊಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಫೈಲಿನ ಹಿಂದಿನ ಜೇಬಿನಲ್ಲಿ ಅದು ಹಾಗೇ ಇರುತ್ತದೆ. ಬೇರೆ ಡಾಕ್ಟರಿಗೆ ತೋರಿಸಬೇಕಾದಾಗ ಫಿಲ್ಮಿಗಿಂತ ಅದೇ ಹೆಚ್ಚು ಉಪಯೋಗ; ಅದರಲ್ಲಿ ಡೈಕಾಮ್ ಎಂಬ ಸ್ಕ್ಯಾನ್ ಚಿತ್ರಗಳ ಕಡತಗಳು ಪೂರ್ತಿ ಇರುತ್ತವೆ, ಜತೆಗೆ ನೋಡುವ ತಂತ್ರಾಂಶವೂ ಇರುವುದುಂಟು. ಕಾಪಿ ಮಾಡುವಾಗ ಒಂದೆರಡು ಚಿತ್ರ ಆರಿಸಿಕೊಳ್ಳದೆ ಇಡೀ ಡಿಸ್ಕನ್ನು ಒಂದು ಫೋಲ್ಡರಿಗೆ ಇಳಿಸಿ.

ಫ್ಲಾಪಿ: ಡ್ರೈವ್ ಇರುವ ಲ್ಯಾಪ್‌ಟಾಪ್ ಹುಡುಕಬೇಕೆ?

ಮೂರೂವರೆ ಇಂಚಿನ ಫ್ಲಾಪಿಯ ಒಂದು ಬದಿಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಎರಡೂ ಬದಿ ಸೇರಿ 14,74,560 ಬೈಟ್. 1.44 ಎಂ.ಬಿ. ಎಂದು ಕರೆಸಿಕೊಂಡ ಈ ಜಾಗದಲ್ಲಿ ಇವತ್ತಿನ ಮೊಬೈಲಿನ ಒಂದು ಫೋಟೋ ಕೂರುವುದು ಕಷ್ಟ. 16 ಜಿ.ಬಿ. ಪೆನ್‌ಡ್ರೈವ್ ಎಂದರೆ ಹತ್ತು ಸಾವಿರ ಫ್ಲಾಪಿಗೂ ಹೆಚ್ಚು. ಸೋನಿ 2011ರಲ್ಲೇ ಮಾರಾಟ ನಿಲ್ಲಿಸಿತು. ಜಪಾನ್ ಸರ್ಕಾರ ತನ್ನ ಕಚೇರಿ ನಿಯಮಗಳಿಂದ ಫ್ಲಾಪಿಯನ್ನು ಹೆಚ್ಚುಕಡಿಮೆ ಪೂರ್ತಿ ಕಿತ್ತು ಹಾಕಲು 2024 ಆಗಬೇಕಾಯಿತು, ಅದು ಬೇರೆ ಮಾತು. ಹೊಸದಾಗಿ ಏನನ್ನಾದರೂ ಫ್ಲಾಪಿಯಲ್ಲಿ ಇಡುವ ಯೋಚನೆ ಯಾರಿಗೂ ಬರುವುದಿಲ್ಲ. ಪ್ರಶ್ನೆ ಇರುವುದು ಇದ್ದದ್ದನ್ನು ಓದುವುದರಲ್ಲಿ.

ದಾರಿ ಮೂರಿವೆ. ಒಳಗೇ ಫ್ಲಾಪಿ ಡ್ರೈವ್ ಇರುವ ಹಳೇ ಲ್ಯಾಪ್‌ಟಾಪ್. ಯುಎಸ್‌ಬಿ ಫ್ಲಾಪಿ ಡ್ರೈವ್. ಫ್ಲಾಪಿಯ ಕಾಂತೀಯ ಗುರುತುಗಳನ್ನೇ ನೇರವಾಗಿ ಹಿಡಿದಿಡುವ ಗ್ರೀಸ್‌ವೀಸಲ್ ಥರದ ಬೋರ್ಡು.

ಹಳೇ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳಲ್ಲಿ ಒಂದೇ ಕಿಂಡಿಗೆ ಒಮ್ಮೆ ಫ್ಲಾಪಿ ಡ್ರೈವ್, ಒಮ್ಮೆ ಸಿ.ಡಿ. ಡ್ರೈವ್, ಬೇಕೆಂದರೆ ಇನ್ನೊಂದು ಬ್ಯಾಟರಿ ತೂರಿಸುವ ವ್ಯವಸ್ಥೆ ಇತ್ತು. ಆ ಕಾಲದಲ್ಲಿ ಅದು ಜಾಣತನದ ವಿನ್ಯಾಸವೇ. ವಿಂಡೋಸ್ ಎಕ್ಸ್‌ಪಿ ಇನ್‌ಸ್ಟಾಲ್ ಮಾಡುವಾಗ ಸಾಟಾ (ಹಾರ್ಡ್‌ಡಿಸ್ಕ್ ಜೋಡಿಸುವ ಹೊಸ ಬಗೆ) ಡ್ರೈವರ್ ಬೇಕಾದರೆ ಎಫ್6 ಒತ್ತಿ ಫ್ಲಾಪಿಯನ್ನೇ ಕೊಡಬೇಕಿತ್ತಲ್ಲ, ಬಹುಶಃ ಅದೇ ಫ್ಲಾಪಿಯ ಕೊನೆಯ ದರ್ಬಾರು. ಆದರೆ ಇವತ್ತು ಬರೀ ಫ್ಲಾಪಿ ಓದಲೆಂದು ಅಂಥ ಲ್ಯಾಪ್‌ಟಾಪ್ ಕೊಳ್ಳುವುದು ದಂಡ. ಬ್ಯಾಟರಿ ಸತ್ತಿರುತ್ತದೆ, ಡ್ರೈವ್‌ನೊಳಗಿನ ಭಾಗಗಳು ವರ್ಷಗಟ್ಟಲೆ ಅಲುಗಾಡದೆ ಬಿಗಿದಿರುತ್ತವೆ, ಓದಿದ ಕಡತವನ್ನು ಅದರಿಂದ ಹೊರತರುವುದೇ ಇನ್ನೊಂದು ಸಾಹಸ. ನಿಮ್ಮ ಅಟ್ಟದಲ್ಲೇ ಒಂದು ಬಿದ್ದಿದ್ದರೆ, ಚಾಲೂ ಆದರೆ, ಬಳಸಿಕೊಳ್ಳಿ. ಅಷ್ಟೇ.

ಹೆಚ್ಚಿನವರಿಗೆ ಯುಎಸ್‌ಬಿ ಡ್ರೈವ್ ಸಾಕು. ವಿಂಡೋಸ್ 10, 11ರಲ್ಲೂ ಚುಚ್ಚಿದರೆ ಅದೇ ಹಳೆಯ 'ಎ' ಡ್ರೈವ್ ಪ್ರತ್ಯಕ್ಷವಾಗುತ್ತದೆ. ಪೂರ್ತಿ ತುಂಬಿದ ಫ್ಲಾಪಿ ಓದಲು ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಇದರ ಮಿತಿ ಒಂದೇ: 1.44 ಎಂ.ಬಿ., 720 ಕೆ.ಬಿ.ಯ ಮಾಮೂಲು ಫಾರ್ಮ್ಯಾಟ್ ಬಿಟ್ಟರೆ ಬೇರೆಯದರ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಳೇ ಮ್ಯಾಕಿಂಟಾಷ್‌ನ 800 ಕೆ.ಬಿ. ಫ್ಲಾಪಿ, ಅಮಿಗಾ ಕಂಪ್ಯೂಟರಿನ ಫ್ಲಾಪಿ, ಐದೂಕಾಲು ಇಂಚಿನ ದೊಡ್ಡ ಫ್ಲಾಪಿ ನಿಮ್ಮಲ್ಲಿದ್ದರೆ ಮೂರನೆಯ ದಾರಿಯೇ ಗತಿ. ಅದಕ್ಕೆ ಡೆಸ್ಕ್‌ಟಾಪ್‌ನ ಹಳೇ ಡ್ರೈವ್ ಬೇಕು, ಬೋರ್ಡು ಬೇಕು, ಸ್ವಲ್ಪ ತಾಳ್ಮೆಯೂ ಬೇಕು. ಹವ್ಯಾಸಿಗಳಿಗೆ ಕೊಟ್ಟು ಮಾಡಿಸುವುದು ಮೇಲು.

ಡ್ರೈವ್ ಯಾವುದೇ ಇರಲಿ, ಹಾಕುವ ಮೊದಲು ಒಂದು ಕೆಲಸ. ಫ್ಲಾಪಿಯ ಲೋಹದ ಮುಚ್ಚಳವನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ, ನಡುವಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಒಳಗಿನ ಕಪ್ಪು ತಟ್ಟೆಯನ್ನು ಬೆಳಕಿನಲ್ಲಿ ನೋಡಿ. ನುಣುಪಾಗಿ, ಒಂದೇ ಬಣ್ಣಕ್ಕಿದ್ದರೆ ಸರಿ. ಬಿಳಿ ಚುಕ್ಕೆ, ಮಂಜು ಮುಸುಕಿದಂಥ ಮಚ್ಚೆ ಕಂಡರೆ ಬೂಷ್ಟು ಹಿಡಿದಿದೆ. ಮಲೆನಾಡು, ಕರಾವಳಿಯ ಮನೆಗಳ ಫ್ಲಾಪಿಗಳಲ್ಲಿ ಇದು ತೀರಾ ಸಾಮಾನ್ಯ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬರುವ ಬೂಷ್ಟು ಫ್ಲಾಪಿಯನ್ನು ಬಿಟ್ಟೀತೆ? ಅದನ್ನು ಹಾಗೇ ಹಾಕಿದರೆ ಡ್ರೈವ್‌ನ ಹೆಡ್ಡಿಗೆ ಬೂಷ್ಟು ಮೆತ್ತಿಕೊಳ್ಳುತ್ತದೆ, ತಟ್ಟೆ ಕೆರೆದುಹೋಗುತ್ತದೆ, ಆಮೇಲೆ ಹಾಕುವ ಚೆನ್ನಾಗಿರುವ ಫ್ಲಾಪಿಗೂ ಅದೇ ಗತಿ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಎರಡೂ ಬದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಡುವುದನ್ನೂ ಮರೆಯಬೇಡಿ. ಮೂರೂವರೆ ಇಂಚಿನದರಲ್ಲಿ ಕಿಂಡಿ ತೆರೆದಿದ್ದರೆ ಅದರ ಮೇಲೆ ಏನೂ ಬರೆಯಲು ಬಾರದು; ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದಾಗ ಕೈತಪ್ಪಿ ಹೂಂ ಎಂದರೂ ಬಚಾವ್.

ಕನ್ನಡದ ಕಡತಗಳಿಗೆ ಇಷ್ಟಕ್ಕೇ ಮುಗಿಯುವುದಿಲ್ಲ. ತೊಂಬತ್ತರ ದಶಕದಲ್ಲಿ ಡಿಟಿಪಿ ಸೆಂಟರ್‌ಗಳಲ್ಲಿ ಟೈಪ್ ಮಾಡಿಸಿದ ಕಥೆ, ಪ್ರಬಂಧ, ಪುಸ್ತಕದ ಹಸ್ತಪ್ರತಿ ಫ್ಲಾಪಿಯಲ್ಲಿ ಮನೆಗೆ ಬರುತ್ತಿತ್ತು. ಅದು ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್‌ ಬಳಕೆಗೂ ಹಿಂದಿನ ಕಾಲದ ಪಠ್ಯ. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಆಮೇಲೆ ಬರಹ, ನುಡಿ, ಹೀಗೆ ಒಂದೊಂದು ತಂತ್ರಾಂಶದ ಸಂಕೇತ ಒಂದೊಂದು ಥರ. ಕಡತ ತೆರೆದರೆ ಕನ್ನಡದ ಬದಲು ಟೊಪ್ಪಿ, ಬಾಲ ಅಂಟಿಸಿಕೊಂಡ ರೋಮನ್ ಅಕ್ಷರಗಳ ಸಂತೆ. ಕಡತ ಕೆಟ್ಟಿದೆ ಎಂದುಕೊಂಡು ಅಳಿಸಬೇಡಿ, ಬಹುಪಾಲು ಅದು ಸರಿಯಾಗಿಯೇ ಇರುತ್ತದೆ. ನುಡಿ, ಬರಹದ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿಯೇ ಇವೆ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕಡತವಾದರೆ ತೊಡಕು ಜಾಸ್ತಿ. ಫ್ಲಾಪಿಯಲ್ಲಿ ಫಾಂಟ್ ಕಡತಗಳೂ ಕಂಡರೆ ಕಸವೆಂದು ಬಿಡದೆ ಅವನ್ನೂ ಎತ್ತಿಡಿ. ಫ್ಲಾಪಿಯ ಮೇಲಿನ ಚೀಟಿಯಲ್ಲಿ ತಂತ್ರಾಂಶದ ಹೆಸರೋ ಡಿಟಿಪಿ ಸೆಂಟರ್ ಹೆಸರೋ ಇದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಸಂಕೇತವೆಂದು ಊಹಿಸಲು ಸಿಗುವ ಸುಳಿವು ಅದೊಂದೇ ಇರಬಹುದು.

ಇನ್ನು ಯಂತ್ರಗಳ ಪಾಡು. ಫ್ಲಾಪಿಯಲ್ಲೇ ಡಿಸೈನ್ ಓದುವ ಹಳೇ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ಕೀಬೋರ್ಡ್ ವಾದ್ಯಗಳನ್ನು ಇಟ್ಟುಕೊಂಡವರು ಲ್ಯಾಪ್‌ಟಾಪ್‌ಗೆ ಫ್ಲಾಪಿ ಡ್ರೈವ್ ಹುಡುಕುತ್ತಾ ಅಲೆಯುವುದುಂಟು. ಅವರು ಹುಡುಕಬೇಕಾದದ್ದು ಬೇರೆ: ಗೊಟೆಕ್ ಎಂಬ ಎಮ್ಯುಲೇಟರ್. ಯಂತ್ರದ ಫ್ಲಾಪಿ ಡ್ರೈವ್ ಬಿಚ್ಚಿ ಅದೇ ಜಾಗದಲ್ಲಿ ಇದನ್ನು ಕೂರಿಸಿದರೆ ಪೆನ್‌ಡ್ರೈವನ್ನು ನೂರಾರು ಫ್ಲಾಪಿಗಳೆಂದು ಯಂತ್ರಕ್ಕೆ ನಂಬಿಸುತ್ತದೆ. ಕೊಳ್ಳುವಾಗ ಯಂತ್ರದ ಡ್ರೈವ್ 720 ಕೆ.ಬಿ.ಯದೋ 1.44ರದೋ, ಅದರ ಕೇಬಲ್ 34 ಪಿನ್ನಿನದೋ 26ರದೋ ನೋಡಿಕೊಳ್ಳಿ. ಆಮೇಲೆ ನಿಮ್ಮ ಲ್ಯಾಪ್‌ಟಾಪ್ ಯಾವುದಾದರೇನು!

ಡಿವಿಡಿ ಡ್ರೈವ್: ಒಳಗೋ, ಹೊರಗೋ, ಕ್ಯಾಡಿಯೋ?

ಒಳಗಿನ ಡ್ರೈವ್‌ನ ಗುಣವೆಂದರೆ ಅದು ಅಲ್ಲೇ ಇರುತ್ತದೆ. ಕೇಬಲ್ ಹುಡುಕಬೇಕಿಲ್ಲ, ಕರೆಂಟ್ ಸಾಲದ ತಾಪತ್ರಯವಿಲ್ಲ. ವಾರಕ್ಕೆ ಒಂದೆರಡು ಡಿಸ್ಕಾದರೂ ಹಾಕುವವರಿಗೆ, ಅಂದರೆ ಫೋಟೋ ಸ್ಟುಡಿಯೋದವರು, ಕೆಲವು ವಕೀಲರು, ಹಳೇ ಹಾಡುಗಳ ಸಂಗ್ರಹಕಾರರಿಗೆ ಅದನ್ನು ಕೀಳಬೇಡಿ ಎನ್ನುತ್ತೇನೆ. ಉಳಿದವರಿಗೆ ಆ ಜಾಗಕ್ಕೆ ಬೆಲೆ ಹೆಚ್ಚು. 2010ರಿಂದ 2016ರ ನಡುವಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್‌ಡಿಸ್ಕಿಗೆ ಒಂದು ಜಾಗ, ಡಿವಿಡಿಗೆ ಒಂದು ಜಾಗ, ಅಷ್ಟೇ. ಕ್ಯಾಡಿ ಎಂಬ ಕೆಲವು ನೂರು ರೂಪಾಯಿಯ ಚೌಕಟ್ಟು ಹಾಕಿದರೆ ಎಸ್‌ಎಸ್‌ಡಿಯೂ ಹಳೇ ಹಾರ್ಡ್‌ಡಿಸ್ಕೂ ಎರಡೂ ಉಳಿಯುತ್ತವೆ. ಹಳೇ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಗೊತ್ತಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಕ್ಯಾಡಿ ಕೊಳ್ಳುವಾಗ ಎರಡು ವಿಷಯ ತಿಳಿದಿರಲಿ. ದಪ್ಪ 12.7 ಮಿ.ಮೀ. ಇರಬಹುದು, 9.5 ಮಿ.ಮೀ. ಇರಬಹುದು, ತಪ್ಪಿದರೆ ಒಳಗೆ ಹೋಗುವುದೇ ಇಲ್ಲ, ಇಲ್ಲವೇ ಲೊಡಲೊಡ ಅಲುಗಾಡುತ್ತದೆ. ಎರಡನೆಯದು ಕನೆಕ್ಟರ್: ತೀರಾ ಹಳೆಯವು ಐಡಿಇ, ಆಮೇಲಿನವು ಸಾಟಾ. ಡ್ರೈವನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಹೋದರೆ ವಾದಕ್ಕೇ ಜಾಗವಿಲ್ಲ. ಬಿಚ್ಚುವುದು ಕಷ್ಟವೇನಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ತಳದ ಒಂದೇ ಒಂದು ಸ್ಕ್ರೂ ತೆಗೆದು ಎಳೆದರೆ ಡ್ರೈವ್ ಜಾರಿ ಈಚೆ ಬರುತ್ತದೆ. ಮುಂದಿನ ಪ್ಲಾಸ್ಟಿಕ್ ಪಟ್ಟಿಯನ್ನೂ ಹಿಂದಿನ ಪುಟ್ಟ ತಗಡನ್ನೂ ಕ್ಯಾಡಿಗೆ ವರ್ಗಾಯಿಸಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ಬದಿಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಎಸ್‌ಎಸ್‌ಡಿಯನ್ನು ಹಾರ್ಡ್‌ಡಿಸ್ಕಿನ ಜಾಗಕ್ಕೇ ಹಾಕಿ, ಹಾರ್ಡ್‌ಡಿಸ್ಕನ್ನು ಕ್ಯಾಡಿಗೆ ಕಳಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿಯ ಸಾಟಾ ಸಂಪರ್ಕ ನಿಧಾನ, ಕೆಲವು ಅಲ್ಲಿಂದ ಬೂಟ್ ಆಗಲು ಒಪ್ಪುವುದೇ ಇಲ್ಲ.

ಈಗ ಆ ತೆಗೆದ ಡ್ರೈವ್. ಲ್ಯಾಪ್‌ಟಾಪ್ ಡಿವಿಡಿ ಡ್ರೈವ್‌ಗೆಂದೇ ತೆಳು ಯುಎಸ್‌ಬಿ ಕೇಸ್ ಸಿಗುತ್ತದೆ, ಬೆಲೆ ಕ್ಯಾಡಿಗಿಂತ ತುಸು ಹೆಚ್ಚು ಅಷ್ಟೇ. ಅದರೊಳಗೆ ತೂರಿಸಿದರೆ ನಿಮ್ಮದೇ ಡ್ರೈವ್ ಹೊರಗಿನ ಡ್ರೈವ್ ಆಯಿತು. ಮನೆಯ ಹೊಸ ಲ್ಯಾಪ್‌ಟಾಪಿಗೂ ನೆಂಟರ ಲ್ಯಾಪ್‌ಟಾಪಿಗೂ ಚುಚ್ಚಬಹುದು. ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ನನ್ನ ಮೊದಲ ಆಯ್ಕೆ ಇದೇ. ಅಂಗಡಿಯಲ್ಲಿ ಬಿಟ್ಟು ಬರಬೇಡಿ ಎಂದದ್ದು ಅದಕ್ಕೆ.

ಡ್ರೈವೇ ಇಲ್ಲದವರು ಹೊಸ ಯುಎಸ್‌ಬಿ ಡಿವಿಡಿ ರೈಟರ್ ಕೊಳ್ಳಬೇಕು. ಹೆಸರಿರುವ ಕಂಪನಿಯದನ್ನೇ ಕೊಳ್ಳಿ. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದವುಗಳಲ್ಲಿ ಎಷ್ಟೋ ಸಲ ಹಳೇ ಲ್ಯಾಪ್‌ಟಾಪಿನ ಡ್ರೈವನ್ನೇ ಹೊಸ ಕೇಸಿಗೆ ತುಂಬಿರುತ್ತಾರೆ. ಹೊರಗಿನ ಡ್ರೈವ್‌ನ ದೊಡ್ಡ ರೋಗ ಕರೆಂಟು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, 3.0 ಆದರೆ 900. ಡಿಸ್ಕ್ ತಿರುಗಲು ಶುರುವಾಗುವ ಹೊತ್ತಿಗೆ ಡ್ರೈವ್ ಅದಕ್ಕಿಂತ ಹೆಚ್ಚು ಕೇಳಬಹುದು. ಆಗ ಟಿಕ್ ಟಿಕ್ ಸದ್ದು ಬಂದು ಡ್ರೈವ್ ಮಾಯವಾಗುತ್ತದೆ, ಮತ್ತೆ ಕಾಣಿಸುತ್ತದೆ. ಜನ ಡಿಸ್ಕ್ ಹೋಗಿದೆ ಎಂದುಕೊಳ್ಳುತ್ತಾರೆ. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೆ, ಅದರಲ್ಲೂ 3.0 ಪೋರ್ಟಿಗೆ ಚುಚ್ಚಿ ನೋಡಿ. ಎರಡು ತಲೆಯ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಿ, ಒಂದು ಅಲಂಕಾರಕ್ಕೆ ಕೊಟ್ಟದ್ದಲ್ಲ.

ಡಿವಿಡಿ ಡ್ರೈವ್ ಇದೆ ಎಂಬ ಒಂದೇ ಕಾರಣಕ್ಕೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವುದು ಬೇಡ. ಬೇರೆ ಕಾರಣಕ್ಕೆ ಕೊಳ್ಳುತ್ತಿದ್ದು ಅದರಲ್ಲಿ ಡ್ರೈವ್ ಇದ್ದರೆ ಪರೀಕ್ಷೆಗೆ ಮೂರು ಡಿಸ್ಕ್ ಒಯ್ಯಿರಿ: ಅಚ್ಚಿನ ಸಿ.ಡಿ. ಒಂದು, ಅಚ್ಚಿನ ಡಿವಿಡಿ ಒಂದು, ರೈಟ್ ಮಾಡಿದ ಸಿ.ಡಿ. ಒಂದು. ಸಿ.ಡಿ. ಓದುವ ಲೇಸರ್ 780 ನ್ಯಾನೊಮೀಟರಿನದು, ಡಿವಿಡಿಯದು 650ರದು. ಒಂದು ಸತ್ತು ಇನ್ನೊಂದು ಬದುಕಿರುವ ಡ್ರೈವ್‌ಗಳು ಬೇಕಾದಷ್ಟಿವೆ. ಸಿ.ಡಿ. ಹಾಕಿ ತೋರಿಸಿ "ಪಕ್ಕಾ ವರ್ಕಿಂಗ್" ಎಂದವರ ಮಾತು ಅರ್ಧ ಸತ್ಯವಷ್ಟೇ ಇರಬಹುದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಕಿವಿಮಾತು. ಸಿನಿಮಾ ಡಿವಿಡಿ ಯಾವ ದೇಶಗಳಲ್ಲಿ ಓಡಬೇಕೆಂದು ಹೇಳುವ ಸಂಖ್ಯೆ ರೀಜನ್; ಭಾರತದ ಡಿವಿಡಿಗಳದ್ದು 5, ಅಲ್ಲಿನವುಗಳದ್ದು 1. ಡ್ರೈವ್‌ನ ರೀಜನ್ ಬದಲಿಸಲು ಸಾಮಾನ್ಯವಾಗಿ ಐದೇ ಅವಕಾಶ, ಕೊನೆಯದಾಗಿ ಇಟ್ಟದ್ದೇ ಗಟ್ಟಿ. ಊರಿನ ಸಿನಿಮಾ ಡಿಸ್ಕ್‌ಗಳಿಗೆಂದೇ ಬೇರೆ ಅಗ್ಗದ ಡ್ರೈವ್ ಇಟ್ಟುಕೊಳ್ಳುವುದು ಸುಲಭ. ಮನೆ ಸಮಾರಂಭದ ಡಿಸ್ಕ್‌ಗಳಿಗೆ ಈ ರಗಳೆ ಇಲ್ಲ.

ಮದುವೆ ಸಿ.ಡಿ. ಓದಿಸುವ ಬಗೆ

ಲ್ಯಾಪ್‌ಟಾಪ್ ಡ್ರೈವ್‌ನ ಟ್ರೇ ಡೆಸ್ಕ್‌ಟಾಪಿನದರಂತೆ ತಾನೇ ಒಳಕ್ಕೆ ಹೋಗುವುದಿಲ್ಲ. ಲೆನ್ಸ್, ಮೋಟರ್ ಎಲ್ಲವೂ ಆ ತೆಳು ಟ್ರೇ ಮೇಲೆಯೇ ಇರುತ್ತವೆ. ಆದ್ದರಿಂದ ಕೆಳಗಿನಿಂದ ಒಂದು ಕೈ ಆನಿಸಿ, ಡಿಸ್ಕಿನ ನಡುಭಾಗವನ್ನು ಬೆರಳಿನಿಂದ ಒತ್ತಿ ಟಕ್ ಎನ್ನುವವರೆಗೆ ಕೂರಿಸಬೇಕು. ಸರಿಯಾಗಿ ಕೂರದ ಡಿಸ್ಕ್ ಒಳಗೆ ಗರಗರ ಉಜ್ಜಿ ಗೀರು ಮಾಡಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡರೆ ಮುಂಭಾಗದ ಸೂಜಿ ರಂಧ್ರಕ್ಕೆ ಪೇಪರ್ ಕ್ಲಿಪ್ ನೇರ ಮಾಡಿ ಒತ್ತಿದರೆ ಟ್ರೇ ಹೊರಬರುತ್ತದೆ; ಆ ಮೊದಲು ಲ್ಯಾಪ್‌ಟಾಪ್ ಆಫ್ ಮಾಡಿ. ಟ್ರೇ ಇಲ್ಲದೆ ಸೀಳಿನೊಳಗೆ ಡಿಸ್ಕ್ ನುಂಗುವ ಹಳೇ ಮ್ಯಾಕ್‌ಬುಕ್ ಥರದವಕ್ಕೆ ಹ್ಯಾಂಡಿಕ್ಯಾಮ್‌ನ 8 ಸೆಂ.ಮೀ. ಪುಟ್ಟ ಡಿಸ್ಕ್ ಹಾಕಲೇಬೇಡಿ.

ವಧೂವರರ ಫೋಟೋ ಇರುವ ಸ್ಟಿಕ್ಕರ್ ಅಂಟಿಸಿದ ಸಿ.ಡಿ.ಗಳು ನಮ್ಮಲ್ಲಿ ರಾಶಿ ಇವೆ. ಸ್ಟಿಕ್ಕರ್ ಅರ್ಧ ಎದ್ದಿದೆಯೆಂದು ಕೀಳಲು ಹೋಗಬೇಡಿ. ಸಿ.ಡಿ.ಯ ಹೊಳೆಯುವ ಪದರ ಇರುವುದು ಮೇಲ್ಭಾಗದಲ್ಲಿ, ತೆಳ್ಳನೆಯ ವಾರ್ನಿಷ್ ಕೆಳಗೇ. ಸ್ಟಿಕ್ಕರ್ ಜತೆ ಅದೂ ಎದ್ದು ಬಂದರೆ ಮುಗಿಯಿತು. ಕೆಳಭಾಗದ ಗೀರಿಗೆ ಹೆದರುವಷ್ಟು ಜನ ಮೇಲ್ಭಾಗದ ಗೀರಿಗೆ ಹೆದರುವುದಿಲ್ಲ, ಹೆದರಬೇಕಾದದ್ದು ಅದಕ್ಕೆ. ಡಿವಿಡಿಯಲ್ಲಿ ಈ ಪದರ ಎರಡು ಪ್ಲಾಸ್ಟಿಕ್ ಹಲ್ಲೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ.

ವಿ.ಸಿ.ಡಿ. ತೆರೆದರೆ ನಾಲ್ಕಾರು ಫೋಲ್ಡರ್ ಕಾಣುತ್ತವೆ. ವಿಡಿಯೋ ಇರುವುದು 'ಎಂಪೆಗ್‌ಎವಿ' ಎಂಬುದರಲ್ಲಿ, ಕಡತದ ಹೆಸರು 'ಎವಿಸೆಕ್01', ಕೊನೆಗೆ 'ಡಿಎಟಿ'. ಡಬಲ್ ಕ್ಲಿಕ್ ಮಾಡಿದರೆ ತೆರೆಯದು, ವಿಎಲ್‌ಸಿ ಪ್ಲೇಯರಿಗೆ ಎಳೆದು ಬಿಟ್ಟರೆ ಓಡುತ್ತದೆ. 352ಕ್ಕೆ 288 ಚುಕ್ಕಿಗಳ ಚಿತ್ರ. ಇವತ್ತಿನ ಟೀವಿಯಲ್ಲಿ ಮುಖಗಳು ಮಸುಕು ಮಸುಕು. ಏನು ಮಾಡಿದರೂ ಅದು ಹೆಚ್ಚು ಸ್ಪಷ್ಟವಾಗದು. ಒಂದೇ ಡಿಸ್ಕಿನಲ್ಲಿ 80 ನಿಮಿಷ ಹಿಡಿಸಲು ವಿ.ಸಿ.ಡಿ.ಯಲ್ಲಿ ದೋಷ ಸರಿಪಡಿಸುವ ಒಂದು ಹಂತವನ್ನೇ ಬಿಟ್ಟಿದ್ದಾರೆ. ಅದಕ್ಕೇ ಟೀವಿಯ ಪ್ಲೇಯರಿನಲ್ಲಿ ಒಂದು ಕ್ಷಣ ಚೌಕಚೌಕವಾಗಿ ಒಡೆದು ಮುಂದೆ ಹೋಗುವ ಗೀರು, ಕಂಪ್ಯೂಟರಿನಲ್ಲಿ ಕಾಪಿಯನ್ನೇ ನಿಲ್ಲಿಸಿಬಿಡುತ್ತದೆ. ಹೀಗಾದಾಗ ಐಸೊಬಸ್ಟರ್ ಥರದ ತಂತ್ರಾಂಶ ಓದಲಾಗದ ಸೆಕ್ಟರ್‌ಗಳನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಡುತ್ತದೆ. ಮಾಂಗಲ್ಯಧಾರಣೆಯ ಹೊತ್ತಿಗೇ ಅರ್ಧ ಸೆಕೆಂಡ್ ಚಿತ್ರ ಒಡೆದರೂ ಪೂರ್ತಿ ಹೋಗುವುದಕ್ಕಿಂತ ಮೇಲಲ್ಲವೆ.

ಫೋಟೋ, ಕಡತಗಳ ಸಿ.ಡಿ. ಆದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶಕ್ಕೆ ಸಾಟಿಯಿಲ್ಲ. ಅದು ಸಲೀಸಾಗಿ ಬರುವ ಭಾಗಗಳನ್ನು ಮೊದಲು ಬಾಚಿಕೊಂಡು ಮೊಂಡು ಭಾಗಗಳಿಗೆ ಆಮೇಲೆ ಮರಳುತ್ತದೆ, ಎಲ್ಲಿ ಏನು ಉಳಿಯಿತೆಂದು ಒಂದು ಕಡತದಲ್ಲಿ ಬರೆದಿಡುತ್ತದೆ. ಅದೇ ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿ ಉಳಿದದ್ದನ್ನಷ್ಟೇ ಮುಂದುವರಿಸಬಹುದು. ಒಂದು ಡ್ರೈವ್ ಕೈಚೆಲ್ಲಿದ ಡಿಸ್ಕನ್ನು ಇನ್ನೊಂದು ಕಂಪನಿಯ ಡ್ರೈವ್ ಗಬಗಬ ಓದುವುದು ಮಾಮೂಲು. ಎರಡು ಬೇರೆ ಬೇರೆ ಡ್ರೈವ್ ಕೈಗೆ ಸಿಗುವಂತಿದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ. ಟೀವಿ ಪಕ್ಕದ ಡಿವಿಡಿ ರೆಕಾರ್ಡರಿನಲ್ಲೋ ಹ್ಯಾಂಡಿಕ್ಯಾಮ್‌ನಲ್ಲೋ ರೆಕಾರ್ಡ್ ಮಾಡಿ 'ಫೈನಲೈಸ್' (ಬೇರೆ ಯಂತ್ರಗಳೂ ಓದುವಂತೆ ಮುಗಿಸುವುದು) ಮಾಡದೆ ಬಿಟ್ಟ ಡಿಸ್ಕ್ ಕಂಪ್ಯೂಟರಿನಲ್ಲಿ ಖಾಲಿಯೆಂದು ತೋರಿಸುತ್ತದೆ. ಬಿಸಾಡಬೇಡಿ, ಮೂಲ ಕ್ಯಾಮೆರಾ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿ ತನ್ನಿ.

ಹೊಸದಾಗಿ ರೈಟ್ ಮಾಡಿಡುವುದಕ್ಕೆ?

ಬಹುಮಟ್ಟಿಗೆ ಬೇಡ. ಒಂದು ಪದರದ ಡಿವಿಡಿಗೆ 4.7 ಜಿ.ಬಿ.; ಮೊಬೈಲಿನ 50 ಜಿ.ಬಿ. ಫೋಟೋಗಳಿಗೆ ಹನ್ನೊಂದು ಡಿವಿಡಿ ಬೇಕು, ಒಂದೊಂದಕ್ಕೂ ಹತ್ತು ಹದಿನೈದು ನಿಮಿಷ. ವಿಂಡೋಸ್ 11ರ ಇನ್‌ಸ್ಟಾಲ್ ಕಡತವೇ ಅಂಥ ಡಿವಿಡಿಯಲ್ಲಿ ಹಿಡಿಸುವುದಿಲ್ಲ. ಸೋನಿ 2025ರ ಫೆಬ್ರವರಿಯಲ್ಲಿ ರೈಟ್ ಮಾಡುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನೂ ನಿಲ್ಲಿಸಿತು. ಎರಡು ಹಾರ್ಡ್‌ಡಿಸ್ಕ್, ಒಂದು ಮನೆಯಲ್ಲಿ ಒಂದು ಅಣ್ಣನ ಮನೆಯಲ್ಲಿ: ನನ್ನ ಮಟ್ಟಿಗೆ ಇದೇ ವಾಸಿ.

ಒಮ್ಮೆ ಬರೆದ ಮೇಲೆ ತಿದ್ದಲಾಗದು ಎಂಬ ಗುಣ ಬೇಕಾದವರಿಗೆ ಮಾತ್ರ ಡಿಸ್ಕಿಗೆ ಇನ್ನೂ ಬೆಲೆ ಇದೆ. ವೈರಸ್ ಬಂದು ಹಾರ್ಡ್‌ಡಿಸ್ಕಿಗೆ ಬೀಗ ಜಡಿದರೂ ಡಿವಿಡಿಯಲ್ಲಿರುವುದು ಹಾಗೇ ಇರುತ್ತದೆ. ಕೋರ್ಟಿಗೆ ಸಿಸಿಟಿವಿ ದೃಶ್ಯ, ಕರೆಯ ಧ್ವನಿಮುದ್ರಣ ಕೊಡುವವರೂ ಡಿಸ್ಕ್ ಬಿಟ್ಟಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಪೆನ್‌ಡ್ರೈವ್ ಜತೆ ಸಿ.ಡಿ., ಡಿವಿಡಿಯ ಹೆಸರೂ ಇದೆ, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಅಂಥ ಕೆಲಸವಿದ್ದರೆ ರೈಟರ್ ಇರಲಿ.

ಅಂಗಡಿಗೆ ಕೊಟ್ಟು ಮಾಡಿಸುವುದಾದರೆ

ಹತ್ತಿಪ್ಪತ್ತು ಡಿಸ್ಕ್ ಅಷ್ಟೇ ಇದ್ದು, ಇದಕ್ಕೆಲ್ಲ ಪುರುಸೊತ್ತಿಲ್ಲ ಎನ್ನುವವರು ಸ್ಟುಡಿಯೋಗೋ ಕಂಪ್ಯೂಟರ್ ಅಂಗಡಿಗೋ ಕೊಡುವುದೇ ಸರಿ. ಡ್ರೈವ್ ಕೊಳ್ಳುವ ಖರ್ಚೂ ಉಳಿಯುತ್ತದೆ. ಸ್ಕ್ಯಾನಿಂಗ್ ಸಿ.ಡಿ., ಬ್ಯಾಂಕು, ಜಮೀನಿನ ಕಾಗದಪತ್ರ ಇರುವ ಡಿಸ್ಕ್‌ಗಳನ್ನು ಮಾತ್ರ ಬೇರೆ ತೆಗೆದು ಮನೆಯಲ್ಲೇ ಮಾಡಿಕೊಳ್ಳಿ. ಕೊಡುವಾಗ ಸ್ಪಷ್ಟವಾಗಿ ಹೇಳಬೇಕಾದ ಮಾತು: "ವಿಡಿಯೋನ ಎಂಪಿ4 ಮಾಡಿಕೊಡಿ, ಆದರೆ ಮೂಲ ಕಡತವನ್ನೂ ಹಾಗೇ ಕೊಡಿ." ಪೆನ್‌ಡ್ರೈವ್‌ನಲ್ಲಿ ಚಿಕ್ಕದಾಗಿ ಕೂರಲೆಂದು ಕೆಲವರು ಹಿಂಡಿ ಹಿಪ್ಪೆ ಮಾಡಿಕೊಡುತ್ತಾರೆ, ಮೊದಲೇ ಮಸುಕಾದ ವಿ.ಸಿ.ಡಿ. ಇನ್ನಷ್ಟು ಮಸುಕಾಗುತ್ತದೆ. ಮನೆಗೆ ಬಂದ ಮೇಲೆ ಪ್ರತಿ ಕಡತವನ್ನೂ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಒಂದೊಂದು ನಿಮಿಷ ಓಡಿಸಿ ನೋಡಿ. ಡಿಸ್ಕಿನ ಮಾಹಿತಿ ಒಳಸುತ್ತಿನಿಂದ ಹೊರಕ್ಕೆ ಸಾಗುತ್ತದೆ; ಹೊರಅಂಚು ಮೊದಲು ಕೆಡುವುದರಿಂದ ತೊಂದರೆ ಹೆಚ್ಚಾಗಿ ಕಾಣುವುದು ಕೊನೆಯ ಹತ್ತು ನಿಮಿಷದಲ್ಲಿ, ಊಟದ ಪಂಕ್ತಿಯ ಹೊತ್ತಿಗೆ. ಅಲ್ಲಿ ನಿಂತುಹೋಗಿದ್ದರೆ ಡಿಸ್ಕನ್ನು ವಾಪಸ್ ಕೊಟ್ಟು ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಲು ಹೇಳಿ.